ಎದುರು ಬದುರು ಕೂತು ನೋಡಿದ ನಾಟಕ

ಮ್ಯಾಂಚೆಸ್ಟರಿನ ರಾಯಲ್ ಎಕ್ಸ್‌ಚೇಂಜ್ ಥಿಯೇಟರಿಗೆ ಕೊನೆಗೂ ಹೋಗಿಬಂದೆ. ಹಳೇ ಕಾಲದ ಭಾರೀ ಹಾಲ್, ಅದರ ನಟ್ಟನಡುವೆ ಉಕ್ಕು, ಗಾಜಿನಲ್ಲಿ ಕಟ್ಟಿದ ಏಳು ಮೂಲೆಯ ಒಂದು ಗೂಡು. ಅದೇ ರಂಗಮಂದಿರ! ಸುಮಾರು 150 ಟನ್ ತೂಕವನ್ನು ಹಾಲ್‌ನ ನೆಲ ತಡೆಯುವುದಿಲ್ಲ ಅಂತ, ಗುಮ್ಮಟ ಹೊತ್ತಿರುವ ನಾಲ್ಕು ದೊಡ್ಡ ಕಂಬಗಳಿಗೇ ಅದನ್ನು ತೂಗುಹಾಕಿದ್ದಾರೆ. ಶುರುವಾಗಿದ್ದು 1976ರಲ್ಲಿ.

ಒಳಗೆ ಪರದೆ ಇಲ್ಲ, ಹಿಂದಿನ ಗೋಡೆ ಇಲ್ಲ. ನಡುವೆ ಆಟ, ಸುತ್ತಲೂ ಜನ. ಸುಮಾರು 700 ಜನ ಕೂರಬಹುದು, ಆದರೂ ಯಾರೂ ರಂಗದಿಂದ 9 ಮೀಟರಿಗಿಂತ ದೂರ ಇರುವುದಿಲ್ಲ. ನಮ್ಮ ಬಯಲಾಟದಲ್ಲೂ ಮೂರು ಕಡೆ ಜನ ಕೂರುತ್ತಾರೆ, ಆದರೆ ಹಿಂದೆ ಭಾಗವತರು ಇರುತ್ತಾರಲ್ವಾ, ಇಲ್ಲಿ ಅದೂ ಇಲ್ಲ.

ಟಿಕೆಟ್ ತಡವಾಗಿ ತೆಗೆದದ್ದರಿಂದ ನನಗೂ ಇವರಿಗೂ ಎದುರು ಬದುರು ಸೀಟು ಸಿಕ್ಕಿತು. ನಾಟಕ ಹೊಸದು, ತಾಯಿ ಮಗಳ ಕಥೆ. ಮಗಳು ಮನೆ ಬಿಟ್ಟು ಹೋಗುತ್ತೇನೆ ಅನ್ನುವ ದೃಶ್ಯದಲ್ಲಿ ತಾಯಿ ನನಗೆ ಪೂರ್ತಿ ಬೆನ್ನು ಹಾಕಿ ಕೂತಿದ್ದಳು. ಮೊದಲು ಬೇಜಾರಾಯಿತು, ಮುಖವೇ ಕಾಣದಿದ್ದರೆ ಏನು ನೋಡುವುದು ಅಂತ. ಆಮೇಲೆ ನಿಧಾನವಾಗಿ ಆ ಭುಜ ಕುಸಿಯಿತು, ಒಂದು ಕೈ ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿಯಿತು, ನನ್ನ ಗಂಟಲು ಕಟ್ಟಿಬಂತು. ಅವಳು ಅಳುತ್ತಿದ್ದಾಳೆ ಅಂತ ನನಗೆ ಅನುಮಾನವೇ ಇರಲಿಲ್ಲ.

ಇಂಟರ್ವೆಲ್‌ನಲ್ಲಿ ಇವರು ಹೇಳಿದರು: "ಅಳಲಿಲ್ಲ ಕಣೇ, ನಕ್ಕಳು. ಮಗಳು ನೋಡಲಿ ಅಂತ ನಗ್ತಾನೇ ಇದ್ದಳು."

ಒಂದೇ ಕ್ಷಣ, ಒಂದೇ ನಟಿ, ನಾವಿಬ್ಬರು ಕಂಡದ್ದು ಬೇರೆ ಬೇರೆ. ಇದಕ್ಕೇ ನನಗೆ ಈ ರಂಗ ಇಷ್ಟವಾಯಿತು. ಎದುರಿನಿಂದ ಮಾತ್ರ ನೋಡುವ ನಾಟಕದಲ್ಲಿ ನಟಿ ಮುಖವನ್ನು ನಮಗಾಗಿ ತಿರುಗಿಸುತ್ತಾಳೆ, ಇಲ್ಲಿ ಬೆನ್ನಿನಲ್ಲೂ ಅಭಿನಯಿಸಲೇಬೇಕು.

ಹೊರಗೆ ಬರುವಾಗ ಮೇಲೆ ನೋಡಿದೆ. ಇದು ಮೊದಲು ಹತ್ತಿ ವ್ಯಾಪಾರದ ಕೇಂದ್ರವಾಗಿತ್ತು, 1968ರಲ್ಲಿ ವಹಿವಾಟು ನಿಂತ ದಿನದ ದರಗಳು ಇನ್ನೂ ಫಲಕದ ಮೇಲಿವೆ. ನಮ್ಮಜ್ಜಿಯ ಊರು ಧಾರವಾಡದ ಕಡೆ, ಆ ಸೀಮೆಯ ಹತ್ತಿಗಾಗಿ ಒಂದು ಕಾಲದಲ್ಲಿ ಈ ಊರಿನ ಮಿಲ್ಲುಗಳು ಕಾಯುತ್ತಿದ್ದವು. ಸ್ವಲ್ಪ ಹೊತ್ತು ಸುಮ್ನೆ ಅಲ್ಲೇ ನಿಂತುಬಿಟ್ಟೆ.

ಮುಂದಿನ ವಾರ ಅದೇ ನಾಟಕಕ್ಕೆ ಮತ್ತೆ ಟಿಕೆಟ್ ತೆಗೆದಿದ್ದೇನೆ, ಈ ಸಲ ಇವರು ಕೂತಿದ್ದ ಕಡೆ.