ಬಳ್ಳಾರಿ ಬಿಸಿಲಲ್ಲೂ ಸಾಲ್ಟೆಡ್ ಕ್ಯಾರಮೆಲ್ ಚಾಕಲೇಟ್

ರಾತ್ರಿ ಊಟ ಆದಮೇಲೆ ಮಾಳಿಗೆ ಮೇಲೆ ಕೂತು ಒಂದೇ ಚಾಕಲೇಟ್ ಅರ್ಧರ್ಧ ಹಂಚಿಕೊಂಡು ತಿನ್ನೋದು ನನಗೂ ನಮ್ಮನೆಯವರಿಗೂ ತುಂಬಾ ಇಷ್ಟ. ಮೇಲಿನ ಕಪ್ಪು ಚಾಕಲೇಟ್ ಟಕ್ಕಂತ ಮುರಿಯುತ್ತದೆ, ಒಳಗಿನ ಕ್ಯಾರಮೆಲ್, ಅಂದ್ರೆ ಕಂದು ಬಣ್ಣ ಬರೋವರೆಗೂ ಕಾಯಿಸಿದ ಸಕ್ಕರೆ ಪಾಕ, ದಾರದ ಹಾಗೆ ಎಳೆಯುತ್ತದೆ, ಆಮೇಲೆ ಹಲ್ಲಿಗೆ ಉಪ್ಪಿನ ಹರಳು ಸಿಗುತ್ತದೆ. ಆ ಉಪ್ಪೇ ಇದರ ಜೀವ. ಅದಿಲ್ಲದಿದ್ದರೆ ಸಿಹಿ ಬೇಗ ಮುಖಕ್ಕೆ ಹೊಡೆಯುತ್ತದೆ, ಅಲ್ವಾ?

ಫ್ರಾನ್ಸಿನ ಬ್ರಿಟನಿಯಲ್ಲಿ ಬೆಣ್ಣೆಗೇ ಉಪ್ಪು ಹಾಕುತ್ತಾರೆ. ಅಲ್ಲಿನ ಕಿಬೆರಾನ್ ಊರಲ್ಲಿ 1977ರಲ್ಲಿ ಚಾಕಲೇಟ್ ಅಂಗಡಿ ತೆರೆದ ಆನ್ರಿ ಲ ರೂ ಆ ಬೆಣ್ಣೆಯಿಂದಲೇ ಕ್ಯಾರಮೆಲ್ ಮಾಡಿ ಹೆಸರಾದರು.

ಚಾಕಲೇಟ್‌ನಲ್ಲಿರುವ ಕೊಬ್ಬು, ಅಂದ್ರೆ ಕೋಕೋ ಬೆಣ್ಣೆ, ಸುಮಾರು 34 ಡಿಗ್ರಿಗೇ ಕರಗುತ್ತದೆ, ನಮ್ಮಲ್ಲಿ ಬೇಸಿಗೆ 40 ದಾಟುತ್ತದೆ. ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ತಿನ್ನೋಕೆ ಸ್ವಲ್ಪ ಮುಂಚೆ ಹೊರಗೆ ತೆಗೆಯಿರಿ, ಇಲ್ಲಾಂದ್ರೆ ಕ್ಯಾರಮೆಲ್ ಗಟ್ಟಿ ಇರುತ್ತದೆ.