ಮಾನ್ ಗಲ್ಚ್‌ನ ಹುಲ್ಲಿನ ಏರು

ದೋಣಿ ಹೊರಟಾಗ ಮಿಸೌರಿ ನದಿಯ ಮೇಲೆ ಇನ್ನೂ ತಣ್ಣನೆ ಗಾಳಿ ಇತ್ತು. ಎರಡೂ ಕಡೆ ಸುಣ್ಣದ ಕಲ್ಲಿನ ಬಂಡೆಗಳು ಗೋಡೆಯ ಹಾಗೆ ನಿಂತಿವೆ. 1805ರಲ್ಲಿ ಈ ದಾರಿಯಲ್ಲಿ ಬಂದ ಅನ್ವೇಷಕ ಮೆರಿವೆದರ್ ಲೂಯಿಸ್ ಇದಕ್ಕೆ ‘ಬೆಟ್ಟಗಳ ಬಾಗಿಲು’ ಅಂತ ಹೆಸರಿಟ್ಟ. ಅಮೆರಿಕದ ಮೊಂಟಾನಾ ರಾಜ್ಯದ ಹೆಲೆನಾ ಊರಿನಿಂದ ಸುಮಾರು 30 ಕಿ.ಮೀ. ದೂರ. ದೋಣಿಯಲ್ಲಿದ್ದವರೆಲ್ಲ ಬಂಡೆಗಳ ಮೇಲೆ ಕಾಡುಕುರಿ ಹುಡುಕುತ್ತಿದ್ದರು. ನಾನು ಬಂದಿದ್ದು ಮಾನ್ ಗಲ್ಚ್ ಅನ್ನೋ ಕಣಿವೆ ನೋಡೋಕೆ.

ಹಿಂದಿನ ದಿನ ಮಿಸೌಲಾದಲ್ಲಿದ್ದೆ. ವಿಮಾನದಿಂದ ಪ್ಯಾರಾಶೂಟ್ ಕಟ್ಟಿಕೊಂಡು ಕಾಳ್ಗಿಚ್ಚಿನ ಹತ್ತಿರ ಹಾರುವ ‘ಸ್ಮೋಕ್‌ಜಂಪರ್’ಗಳ ನೆಲೆ ಅಲ್ಲಿದೆ. ಅಲ್ಲಿ ಹೊಲಿಗೆ ಮೆಷಿನ್‌ಗಳಿವೆ. ತಮ್ಮ ಬಟ್ಟೆ, ಚೀಲಗಳನ್ನು ಅವರೇ ಹೊಲಿದುಕೊಳ್ಳುತ್ತಾರೆ. ಒಂದು ಪುಲಾಸ್ಕಿಯನ್ನು ಕೈಗೆ ತೆಗೆದುಕೊಂಡು ನೋಡಿದೆ. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಗುದ್ದಲಿಯ ಬಾಯಿ. ರಸ್ತೆಯಿಲ್ಲದ ಬೆಟ್ಟದಲ್ಲಿ ನೀರು ಎಲ್ಲಿಂದ ತರೋದು? ಅದಕ್ಕೇ ಬೆಂಕಿಯ ಅಂಚಿನಲ್ಲಿ ಪೊದೆ ಕಡಿದು, ನೆಲ ಕೆರೆದು, ಬರೀ ಮಣ್ಣು ಕಾಣುವಂಥ ಪಟ್ಟಿ ಎಳೆಯುತ್ತಾರೆ. ಬೆಂಕಿ ರೇಖೆ ಅಂದರೆ ಇದೇ. ತಿನ್ನೋಕೆ ಏನೂ ಸಿಗದೆ ಬೆಂಕಿ ಅಲ್ಲೇ ನಿಲ್ಲಬೇಕು.

ಮೆರಿವೆದರ್ ಅನ್ನೋ ಕಡೆ ದೋಣಿ ಇಳಿಸಿತು. ಅಲ್ಲಿಂದ ಕಡಿದಾದ ದಾರಿ. ದಿಣ್ಣೆಯ ತುದಿ ಮುಟ್ಟುವ ಹೊತ್ತಿಗೆ ಅಂಗಿ ಬೆನ್ನಿಗೆ ಅಂಟಿತ್ತು. 1949ರ ಆಗಸ್ಟ್ 4ರಂದು ಸಿಡಿಲು ಬಡಿದು ಕಾಳ್ಗಿಚ್ಚು ಹತ್ತಿದ್ದು ಈ ದಿಣ್ಣೆಯ ಮೇಲೇ. ಎದುರಿನ ಇಳಿಜಾರು ಬರೀ ಹುಲ್ಲು. ಅಲ್ಲಿ ಚುಕ್ಕಿಗಳ ಹಾಗೆ ಶಿಲುಬೆಗಳು ಕಂಡವು. ನೋಡಿದ ಮೇಲೆ ಸುಮ್ನೆ ವಾಪಸ್ ಹೋಗೋಕೆ ಮನಸ್ಸಾಗಲಿಲ್ಲ, ಕಣಿವೆಗೆ ಇಳಿದು ಆ ಕಡೆ ಹತ್ತಿದೆ.

ಸಿಡಿಲು ಬಡಿದ ಮರುದಿನ ಮಧ್ಯಾಹ್ನ 15 ಸ್ಮೋಕ್‌ಜಂಪರ್‌ಗಳು ಇಲ್ಲಿ ಹಾರಿದರು. ರೇಡಿಯೋದ ಪ್ಯಾರಾಶೂಟ್ ಬಿಚ್ಚಿಕೊಳ್ಳದೆ ಅದು ಬಿದ್ದು ಒಡೆಯಿತು. ಕಾಡಿನ ಕಾವಲುಗಾರ ಜಿಮ್ ಹ್ಯಾರಿಸನ್ ಆಗಲೇ ಒಬ್ಬನೇ ಬೆಂಕಿಯ ಹತ್ತಿರ ಕೆಲಸ ಶುರು ಮಾಡಿದ್ದ. ಅವನೂ ಸೇರಿ 16 ಮಂದಿ. ನದಿಯ ಕಡೆ ಇಳಿದು, ಬೆಂಕಿಯ ಹಿಂದಿನಿಂದ ಹಿಡಿಯೋಣ ಅಂದುಕೊಂಡಿದ್ದರು. ಆದರೆ ಬೆಂಕಿ ಅವರಿಗಿಂತ ಮೊದಲೇ ಕೆಳಗೆ ಕಣಿವೆ ದಾಟಿ, ಇದೇ ಹುಲ್ಲಿಗೆ ಹತ್ತಿಕೊಂಡು ಎದುರಿಗೇ ಬಂತು.

ಅವರು ತಿರುಗಿ ಮೇಲಕ್ಕೆ ಓಡಿದರು. ಈ ಏರಿನಲ್ಲಿ ನಿಂತರೇ ಅದರ ಅರ್ಥ ಗೊತ್ತಾಗೋದು. ಹತ್ತು ಹೆಜ್ಜೆಗೆ ನನಗೆ ಏದುಸಿರು. ಬೆಂಕಿಗೆ ಏರು ಅಂದರೆ ಜೋರು ಜಾಸ್ತಿ: ಜ್ವಾಲೆ ಮೇಲಿನ ಹುಲ್ಲಿಗೆ ಬಾಗಿ, ಅದನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಮನುಷ್ಯ ಸೋಲುವ ಜಾಗದಲ್ಲೇ ಅದಕ್ಕೆ ಬಲ ಬರುತ್ತದೆ.

ತಂಡದ ಮುಖ್ಯಸ್ಥ ವ್ಯಾಗ್ ಡಾಡ್ಜ್ ಓಡುತ್ತಿದ್ದವನು ನಿಂತ. ಕಡ್ಡಿ ಗೀರಿ ತನ್ನ ಮುಂದಿನ ಹುಲ್ಲಿಗೇ ಹಚ್ಚಿದ. ಅದು ಸುಟ್ಟು ಕಪ್ಪಾದ ಜಾಗಕ್ಕೆ ನುಗ್ಗಿ, ಬನ್ನಿ ಅಂತ ಕೂಗಿದ. ಯಾರೂ ಬರಲಿಲ್ಲ. ಬೆನ್ನ ಹಿಂದೆ ಬೆಂಕಿ ಇರುವಾಗ ಇನ್ನೊಂದು ಬೆಂಕಿ ಹಚ್ಚಿದವನ ಮಾತು ಯಾರು ನಂಬುತ್ತಾರೆ, ಅಲ್ವಾ? ನನಗೆ ಅವರ ಮೇಲೆ ಒಂದು ಚೂರೂ ತಪ್ಪು ಕಾಣಲಿಲ್ಲ. ಅವನು ಒದ್ದೆ ಕರವಸ್ತ್ರ ಮುಖಕ್ಕೆ ಒತ್ತಿಕೊಂಡು ಬೋರಲು ಮಲಗಿದ, ಬದುಕಿದ. ರಮ್ಸಿ, ಸ್ಯಾಲಿ ಎಂಬ ಇಬ್ಬರು ತುದಿಯ ಬಂಡೆಗಳ ಸಂದಿನಲ್ಲಿ ನುಸುಳಿ ಉಳಿದರು. 13 ಜನ ಸತ್ತರು. ಬೆಂಕಿ ಹತೋಟಿಗೆ ಬರಲು 450 ಜನಕ್ಕೆ ಇನ್ನೂ 5 ದಿನ ಬೇಕಾಯಿತು.

ಡಾಡ್ಜ್ ಮಾಡಿದ್ದು ಬೆಂಕಿ ರೇಖೆಯ ಕೆಲಸವನ್ನೇ, ಗುದ್ದಲಿಯ ಬದಲು ಕಡ್ಡಿಯಿಂದ. ಸುಟ್ಟು ಹೋದ ನೆಲಕ್ಕೆ ಅಲ್ಲಿನ ಬೆಂಕಿ ಪಡೆಯವರು ‘ಬ್ಲ್ಯಾಕ್’ ಅನ್ನುತ್ತಾರೆ. ಓಡುವ ದಾರಿ ಯಾವುದು, ಸುರಕ್ಷಿತ ಜಾಗ ಎಲ್ಲಿ ಅಂತ ಗೊತ್ತಾಗದೆ ಈಗ ಯಾರೂ ಪುಲಾಸ್ಕಿ ಎತ್ತಬಾರದು ಅನ್ನೋದು ನಿಯಮ.

ಒಂದು ಶಿಲುಬೆಯ ಪಕ್ಕ ಕೂತೆ. ತುದಿ ಕಣ್ಣಿಗೆ ಕಾಣುವಷ್ಟು ಹತ್ತಿರ. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಒಂದು ತೆನೆ ಕಿತ್ತು ಉಜ್ಜಿದೆ. ಬೆರಳ ಸಂದಿನಲ್ಲೇ ಪುಡಿಯಾಯಿತು. ದೋಣಿಗೆ ಹೊತ್ತಾಗುತ್ತಿತ್ತು, ಎದ್ದು ಇಳಿಯತೊಡಗಿದೆ.