ಮಗು ಇರೋ ಮನೇಲಿ ನಾಯಿನಾ?

ಕಳೆದ ಒಂದು ವರ್ಷದಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕ ಇಟ್ಟಿಲ್ಲ. ಮೂಡಿಗೆರೆ ಸಂತೆಯಲ್ಲಿ ಸಿಕ್ಕವರು ಕೇಳುತ್ತಾರೆ. ಹಾಸನದ ನೆಂಟರು ಫೋನ್ ಮಾಡಿ ಕೇಳುತ್ತಾರೆ. ಮಗು ನೋಡಲು ಬಂದವರಂತೂ ಜಗಲಿಯಲ್ಲಿ ಮಲಗಿರುವ ನಮ್ಮ ಕಾಳಿಯನ್ನು ದಾಟುವಾಗಲೇ ಕೇಳಿಬಿಡುತ್ತಾರೆ. "ಇಷ್ಟು ಚಿಕ್ಕ ಮಗು ಇಟ್ಕೊಂಡು ನಾಯಿ ಸಾಕ್ತೀರಲ್ಲಾ, ಭಯ ಆಗಲ್ವಾ?"

ಆಗುತ್ತೆ. ಮೊದಲ ದಿನವೂ ಆಗಿತ್ತು, ಇವತ್ತೂ ಇದೆ. ಆ ಭಯವನ್ನು ನಾವು ಕಳೆದುಕೊಳ್ಳಲಿಲ್ಲ, ಅದಕ್ಕೇ ಇಬ್ಬರೂ ಒಂದೇ ಮನೆಯಲ್ಲಿ ನೆಮ್ಮದಿಯಾಗಿದ್ದಾರೆ. ನಿಂತುಕೊಂಡು ಹೇಳುವಾಗ ಇಷ್ಟೇ ಹೇಳಲು ಆಗೋದು. ಕೂತು ಬರೆಯುವಾಗ ಪೂರ್ತಿ ಹೇಳುತ್ತೇನೆ.

ಪ್ರಶ್ನೆ ಕೇಳಿದವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಕೆಲವರು "ಯಾರಿಗಾದ್ರೂ ಕೊಟ್ಬಿಡಿ, ಮಗು ದೊಡ್ಡದಾದ ಮೇಲೆ ಬೇರೆ ಮರಿ ತಂದ್ಕೊಳ್ಳಿ" ಅನ್ನುತ್ತಾರೆ. ಇನ್ನು ಕೆಲವರು "ನಾಯಿ ಅಂದ್ರೆ ದೇವರು ಕಣ್ರಿ, ತಾಯಿ ಥರ ನೋಡ್ಕೊಳ್ಳುತ್ತೆ, ಸುಮ್ನೆ ಬಿಡಿ" ಅನ್ನುತ್ತಾರೆ. ಎರಡೂ ಮಾತು ಪ್ರೀತಿಯಿಂದಲೇ ಬಂದದ್ದು. ಆದರೆ ಎರಡರಲ್ಲೂ ನಮಗೆ ಕೆಲಸವೇ ಇಲ್ಲ. ನಾಯಿಯನ್ನು ಕಳಿಸಿಬಿಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು. ದೇವರು ಅಂತ ನಂಬಿಬಿಟ್ಟರೂ ಮುಗಿಯಿತು. ಕಾಳಿ ದೇವರಲ್ಲ, ದೆವ್ವವೂ ಅಲ್ಲ. ಅವಳು ನಾಯಿ. ಮಗು ಯಾವುದು, ಗೊಂಬೆ ಯಾವುದು ಅಂತ ಅವಳಿಗೆ ಕಲಿಸಬೇಕಾದವರು ನಾವು. ಕಲಿತ ಮೇಲೂ ಕಣ್ಣಿಡಬೇಕಾದವರು ನಾವೇ.

ಕಾಳಿ ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಒಂದು ಕೊಯ್ಲಿನ ಬೆಳಿಗ್ಗೆ ಕಾಫಿ ಕಣದ ಮೂಲೆಯಲ್ಲಿ, ಗೋಣಿಚೀಲದ ರಾಶಿಯ ಮಧ್ಯೆ ನಡುಗುತ್ತಾ ಕೂತಿತ್ತು ಒಂದು ಕಪ್ಪು ಮರಿ. ಹೆಸರಿಟ್ಟದ್ದು ನನ್ನ ಅಪ್ಪ. ಅವರು ಕನ್ನಡ ಮೇಷ್ಟ್ರಾಗಿದ್ದವರು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದ ಒಂದು ವೀರಗಲ್ಲು ಸಿಕ್ಕಿದೆ. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ, ಎರಡೂ ಸತ್ತವು ಅಂತ ಅದರಲ್ಲಿ ಕೆತ್ತಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಕಲ್ಲು ನಿಲ್ಲಿಸಿದ ನಾಡು ನಮ್ಮದು ಅಂತ ಅಪ್ಪ ಹೇಳುತ್ತಿದ್ದರು. ಈಗ ಅವರಿಲ್ಲ. ಅವರು ಇಟ್ಟ ಹೆಸರಿನವಳನ್ನು ಯಾರಿಗೋ ಕೊಟ್ಟುಬಿಡಿ ಅಂದಾಗ ನನಗೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಇದನ್ನೂ ಮುಚ್ಚಿಡುವುದಿಲ್ಲ.

ನಮಗೆ ತಯಾರಾಗಲು ಸಮಯ ಸಿಕ್ಕಿದ್ದು ಬಾಣಂತನದಿಂದ. ಸೀಮಂತ ಮುಗಿಸಿ ಹೆಂಡತಿ ಹಾಸನದ ತವರಿಗೆ ಹೋದಳು. ಮಾರ್ಚ್‌ನಲ್ಲಿ, ತೋಟದಲ್ಲಿ ಕಾಫಿ ಹೂ ಬಿಟ್ಟ ವಾರ, ಮಗಳು ಹುಟ್ಟಿದಳು. ಅವರಿಬ್ಬರೂ ಮನೆಗೆ ಬಂದಾಗ ಜೂನ್ ಕೊನೆ. ಅಷ್ಟು ದಿನ ಮನೆಯಲ್ಲಿ ಇದ್ದದ್ದು ಅಮ್ಮ, ನಾನು, ಕಾಳಿ.

ಅದಕ್ಕೂ ಮೊದಲು ಕಾಳಿ ನಮ್ಮ ಮಂಚದ ಕಾಲ ಬಳಿ ಮಲಗುತ್ತಿದ್ದಳು. ಹೆಂಡತಿ ತವರಿಗೆ ಹೋದ ವಾರವೇ ಅವಳ ಗೋಣಿಚೀಲವನ್ನು ಹಾಲ್‌ಗೆ ತಂದೆ. ಮೂರು ರಾತ್ರಿ ಬಾಗಿಲ ಹತ್ತಿರ ಕುಂಯ್ ಅಂದಳು. ನಾಲ್ಕನೇ ರಾತ್ರಿ ಸುಮ್ಮನಾದಳು. ಮಗು ಬಂದ ದಿನವೇ ಹೊರಗೆ ಹಾಕಿದ್ದರೆ, ಆ ಮಗುವಿನಿಂದಲೇ ತನ್ನ ಜಾಗ ಹೋಯಿತು ಅಂತ ಅವಳ ತಲೆಯಲ್ಲಿ ಕೂತುಬಿಡುತ್ತಿತ್ತು. ಬದಲಾವಣೆ ಏನಿದ್ದರೂ ಮಗು ಬರುವ ಮೊದಲೇ ಮಾಡಿ ಅಂತ ನಮಗೆ ಹೇಳಿಕೊಟ್ಟವರು ಪಶುವೈದ್ಯರು. ಹೊಸದಾಗಿ ಅಪ್ಪ ಅಮ್ಮ ಆಗುವವರಿಗೆ ನಾನು ಮೊದಲು ಹೇಳುವುದೂ ಇದನ್ನೇ.

ಪ್ರತಿ ಭಾನುವಾರ ಬೇಲೂರು ದಾಟಿ ಹಾಸನಕ್ಕೆ ಹೋಗಿ ಮಗಳನ್ನು ನೋಡಿ ಬರುತ್ತಿದ್ದೆ. ಬರುವಾಗ ಅವಳು ಹಾಕಿ ಬಿಟ್ಟ ಒಂದು ಕುಲಾವಿಯನ್ನೋ, ಸುತ್ತಿದ ಹಳೆ ಸೀರೆಯ ತುಂಡನ್ನೋ ತರುತ್ತಿದ್ದೆ. ಸಾಂಬ್ರಾಣಿ ಹೊಗೆ, ಎಣ್ಣೆ, ಹಾಲು ಎಲ್ಲ ಸೇರಿದ ಆ ವಾಸನೆ ಗೊತ್ತಲ್ವಾ? ಅದನ್ನು ಕಾಳಿಯ ಮುಂದೆ ಹಿಡಿದು, ಅವಳು ಮೂಸಿದ ಮೇಲೆ ಒಂದು ಚೂರು ರೊಟ್ಟಿ ಕೊಡುತ್ತಿದ್ದೆ. ಮಗಳ ಅಳುವನ್ನು ಫೋನಿನಲ್ಲಿ ಹಿಡಿದು ತಂದು, ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿಸಿದೆ. ಮೊದಲ ಸಲ ಎದ್ದು ಮನೆಯೆಲ್ಲ ಹುಡುಕಿದಳು. ಒಂದು ತಿಂಗಳ ಮೇಲೆ ಕಿವಿ ಮಾತ್ರ ಅಲ್ಲಾಡಿಸುತ್ತಿದ್ದಳು.

ಮನೆಗೆ ಬಂದ ದಿನ ಜೋರು ಮಳೆ. ಅತ್ತೆ ಮಗುವನ್ನು ಎತ್ತಿಕೊಂಡು ಕಾರಿನಲ್ಲೇ ಕೂತರು. ಹೆಂಡತಿ ಒಬ್ಬಳೇ ಇಳಿದು ಬಂದಳು. ಐದು ತಿಂಗಳ ಮೇಲೆ ಅವಳನ್ನು ಕಂಡ ಕಾಳಿ ಹಾರಿದಳು, ಅತ್ತಳು, ಸೀರೆಯೆಲ್ಲ ಕೆಸರು ಮಾಡಿದಳು. ಕಾಲು ಗಂಟೆ ಬಿಟ್ಟೆವು. ಅವಳು ದಣಿದು ಮಲಗಿದ ಮೇಲೆ ಹಗ್ಗ ಹಾಕಿ ನಾನು ಹಿಡಿದುಕೊಂಡೆ. ಆಮೇಲೆ ಮಗು ಒಳಗೆ ಬಂತು. ಕಾಳಿ ದೂರದಿಂದಲೇ ಮೂಗು ಮೇಲೆತ್ತಿ ಗಾಳಿ ಮೂಸಿದಳು. ಬಾಲ ಎರಡು ಸಲ ನೆಲಕ್ಕೆ ಬಡಿಯಿತು. ವಾಸನೆ ಅವಳಿಗೆ ಹಳೆಯದಾಗಿತ್ತು.

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನವೆಂಬರ್ ಕೊನೆಯಲ್ಲಿ ನಾನೊಂದು ತಪ್ಪು ಮಾಡಿದೆ.

ಅರೇಬಿಕಾ ಕೊಯ್ಲು ಶುರುವಾಗಿತ್ತು. ಕಣದ ತುಂಬ ಕಾಫಿ ಹರಡಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಮೋಡ ಕಟ್ಟಿ ಹನಿ ಬಿತ್ತು. ಒಣಗುತ್ತಿರುವ ಕಾಫಿ ನೆನೆದರೆ ಬೂಸ್ಟು ಹಿಡಿಯುತ್ತೆ, ಒಂದು ವರ್ಷದ ದುಡಿಮೆ ಕೈಬಿಡುತ್ತೆ. ಹೆಂಡತಿ ಬಚ್ಚಲಲ್ಲಿದ್ದಳು. ಅಮ್ಮ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದರು. ಎಂಟು ತಿಂಗಳ ಮಗಳನ್ನು ಹಾಲ್‌ನ ಚಾಪೆಯ ಮೇಲೆ ಬಿಟ್ಟು ನಾನು ಟಾರ್ಪಾಲು ಎಳೆಯಲು ಓಡಿದೆ. ಕಾಳಿ ಮೂಲೆಯಲ್ಲಿ ನಿದ್ದೆ ಮಾಡುತ್ತಿದ್ದಳು. ಎರಡೇ ನಿಮಿಷ ಅಂದುಕೊಂಡೆ.

ಬಾಗಿಲಿಗೆ ಬರುವಷ್ಟರಲ್ಲಿ ಆ ಸದ್ದು ಕೇಳಿಸಿತು. ಆರು ವರ್ಷದಲ್ಲಿ ಮನೆಯೊಳಗೆ ಕಾಳಿ ಆ ಸದ್ದು ಮಾಡಿದ್ದೇ ಇಲ್ಲ. ಗಂಟಲ ಆಳದಿಂದ ಬಂದ ಗುರ್ ಅನ್ನುವ ಸದ್ದು. ಮಗಳು ಅಂಬೆಗಾಲಿಟ್ಟು ಹೋಗಿ ಅವಳ ಕಿವಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಕಾಳಿ ಮುಖ ತಿರುಗಿಸಿಕೊಂಡಿದ್ದಳು. ಮೈ ಸೆಟೆದಿತ್ತು. ಕಣ್ಣಿನ ಬಿಳಿ ಕಾಣುತ್ತಿತ್ತು. ನಾನು ಮಗಳನ್ನು ಎತ್ತಿಕೊಂಡ ತಕ್ಷಣ ಕಾಳಿ ಎದ್ದು ಜಗಲಿಗೆ ಹೋಗಿಬಿಟ್ಟಳು. ಮಗಳಿಗೆ ಒಂದು ಗೀರೂ ಆಗಿರಲಿಲ್ಲ. ನನ್ನ ಕೈ ಮಾತ್ರ ತುಂಬ ಹೊತ್ತು ನಡುಗುತ್ತಿತ್ತು.

ಅಮ್ಮ ಕೋಲು ತಗೊಂಡು ಬಂದರು. ಮಗುವಿನ ಮೇಲೆ ಗುರುಗುಟ್ಟಿದ ನಾಯಿಗೆ ಬುದ್ಧಿ ಕಲಿಸಬೇಕು ಅನ್ನೋದು ಅವರ ನ್ಯಾಯ. ನಾನು ತಡೆದೆ. ಗುರುಗುಟ್ಟುವುದು ನಾಯಿಯ ಮಾತು. "ನನಗೆ ಆಗ್ತಿಲ್ಲ, ಬಿಡಿಸಿ" ಅಂತ ಅವಳು ಕೇಳಿದಳು. ಅದಕ್ಕೆ ಹೊಡೆದರೆ ಮುಂದಿನ ಸಲ ಅವಳು ಕೇಳುವುದಿಲ್ಲ, ಸೀದಾ ಬಾಯಿ ಹಾಕುತ್ತಾಳೆ. "ಏನೂ ಸದ್ದು ಮಾಡದೆ ಕಚ್ಚಿಬಿಡ್ತು" ಅಂತ ಜನ ಹೇಳುವುದನ್ನು ಕೇಳಿರುತ್ತೀರಿ. ಎಷ್ಟೋ ಸಲ ಅದು ಸದ್ದು ಮಾಡಿರುತ್ತೆ, ಆ ಸದ್ದನ್ನು ಯಾರೋ ಹೊಡೆದು ಮುಚ್ಚಿಸಿರುತ್ತಾರೆ. ಗುರುಗುಟ್ಟುವ ಮೊದಲೂ ನಾಯಿ ಹೇಳುತ್ತಿರುತ್ತೆ. ನಿದ್ದೆ ಇಲ್ಲದೆ ಆಕಳಿಸುವುದು, ತುಟಿ ನೆಕ್ಕಿಕೊಳ್ಳುವುದು, ಮುಖ ಆಚೆ ತಿರುಗಿಸುವುದು. ಮಗಳು ಅವತ್ತು ಕಿವಿ ಹಿಡಿಯುವ ಮೊದಲು ಕಾಳಿ ಇವೆಲ್ಲ ಮಾಡಿರಬೇಕು. ನೋಡಲು ಅಲ್ಲಿ ದೊಡ್ಡವರು ಯಾರೂ ಇರಲಿಲ್ಲ. ತಪ್ಪು ಪೂರ್ತಿ ನನ್ನದು.

ಆ ಸಂಜೆಯೇ ಅಡಿಕೆ ದಬ್ಬೆ ಸೀಳಿ, ಹಾಲ್ ಮತ್ತು ಜಗಲಿ ಮಧ್ಯೆ ಸೊಂಟದೆತ್ತರದ ಒಂದು ಗೇಟು ಕಟ್ಟಿದೆ. ಅವತ್ತಿನಿಂದ ಒಂದೇ ನಿಯಮ. ಇಬ್ಬರೂ ಒಂದು ಕಡೆ ಇದ್ದರೆ ದೊಡ್ಡವರೊಬ್ಬರು ಕೈಗೆಟಕುವ ದೂರದಲ್ಲಿ ಕೂತಿರಬೇಕು. ಇಲ್ಲದಿದ್ದರೆ ಗೇಟು ಹಾಕಬೇಕು. ಮಳೆ ಬರಲಿ, ಹಾಲು ಉಕ್ಕಲಿ, ಕಾಫಿ ನೆನೆಯಲಿ. ಕಾಳಿ ಊಟ ಮಾಡುವಾಗ, ನಿದ್ದೆ ಮಾಡುವಾಗ ಮಗಳನ್ನು ಹತ್ತಿರ ಬಿಡುವುದಿಲ್ಲ. ಕಾಳಿಗೂ ಯಾರೂ ಮುಟ್ಟದ ಒಂದು ಮೂಲೆ ಬೇಕು, ಅಲ್ವಾ?

ಇನ್ನು ಕಾಯಿಲೆಯ ಮಾತು. ಜನ ಜಾಸ್ತಿ ಕೇಳುವುದು ಕೂದಲಿನ ಬಗ್ಗೆ. ನಾಯಿ ಕೂದಲು ಹೊಟ್ಟೆಗೆ ಹೋದರೆ ಮಗುವಿಗೆ ಆಸ್ತಮಾ ಬರುತ್ತೆ ಅಂತ. ಅಲರ್ಜಿ ಆಗುವವರಿಗೆ ಅದು ಆಗುವುದು ನಾಯಿಯ ಚರ್ಮದ ಹೊಟ್ಟು ಮತ್ತು ಜೊಲ್ಲಿನಲ್ಲಿರುವ ಪ್ರೋಟೀನಿನಿಂದ. ಸ್ವೀಡನ್ನಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2015ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹುಟ್ಟಿದ ಮೊದಲ ವರ್ಷ ನಾಯಿ ಇದ್ದ ಮನೆಯಲ್ಲಿ ಬೆಳೆದ ಮಕ್ಕಳಿಗೆ ಶಾಲೆಯ ವಯಸ್ಸಿನಲ್ಲಿ ಆಸ್ತಮಾ ಶೇ. 13ರಷ್ಟು ಕಡಿಮೆ ಕಂಡಿತ್ತು. ಹಾಗಂತ ನಾಯಿ ಔಷಧಿ ಅಲ್ಲ. ನಿಮ್ಮ ಮಗುವಿಗೆ ಈಗಾಗಲೇ ಉಬ್ಬಸ ಇದ್ದರೆ ಮಕ್ಕಳ ಡಾಕ್ಟರ ಮಾತು ಕೇಳಿ, ನನ್ನ ಮಾತಲ್ಲ.

ನಾನು ಹೆದರುವುದು ಕೂದಲಿಗಲ್ಲ, ರೇಬೀಸ್‌ಗೆ. ಅದರ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲ ಅನ್ನುವಷ್ಟು ಅಪರೂಪ. ಮನುಷ್ಯರಿಗೆ ಬರುವ ರೇಬೀಸ್‌ನಲ್ಲಿ ಶೇ. 99ರಷ್ಟು ಬರುವುದು ನಾಯಿಯಿಂದಲೇ. ಮಕ್ಕಳು ಗಿಡ್ಡ ಇರುವುದರಿಂದ ಕಚ್ಚು ಮುಖಕ್ಕೆ, ಕತ್ತಿಗೆ ಬೀಳುತ್ತೆ. ಅಲ್ಲಿಂದ ಮಿದುಳು ಹತ್ತಿರ. ಇಷ್ಟು ಭಯಂಕರವಾದ ಕಾಯಿಲೆಯನ್ನು ನಾಯಿಗೆ ಹಾಕಿಸುವ ವರ್ಷಕ್ಕೊಂದು ಸೂಜಿ ತಡೆಯುತ್ತೆ. ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ರೇಬೀಸ್ ಲಸಿಕೆಯನ್ನು 1885ರಲ್ಲಿ ಮೊದಲು ಒಬ್ಬ ಹುಡುಗನಿಗೆ ಕೊಟ್ಟ ಲೂಯಿ ಪಾಶ್ಚರ್ ತೀರಿಕೊಂಡ ದಿನ ಅದು. ಮರೆಯಬಾರದು ಅಂತ ಕಾಳಿಯ ಲಸಿಕೆಯನ್ನು ಅದೇ ವಾರಕ್ಕೆ ಇಟ್ಟುಕೊಂಡಿದ್ದೇವೆ. ಅವಳ ಲಸಿಕೆ ಕಾರ್ಡು, ಮಗಳ ಲಸಿಕೆ ಬರೆದಿರುವ ತಾಯಿ ಕಾರ್ಡು, ಎರಡೂ ಒಂದೇ ಬಿಸ್ಕತ್ ಡಬ್ಬಿಯಲ್ಲಿವೆ.

ನಮ್ಮ ಕಡೆ ನಾಯಿ ಕಚ್ಚಿದರೆ ಅರಿಶಿನ, ಸುಣ್ಣ, ಕಾಫಿ ಪುಡಿ ಹಚ್ಚುತ್ತಾರೆ. ದಯವಿಟ್ಟು ಏನೂ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ತೊಳೆದು ಸೀದಾ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆಗೆ ದುಡ್ಡಿಲ್ಲ. ಚರ್ಮದೊಳಗೆ ಕೊಡುವ ಲಸಿಕೆಯಾದರೆ ಮೊದಲ ದಿನವೇ ಒಂದು, ಅಲ್ಲಿಂದ 3, 7 ಮತ್ತು 28ನೇ ದಿನ ಮತ್ತೆ. ಒಂದನ್ನೂ ತಪ್ಪಿಸಬಾರದು. ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇನ್ನೊಂದು ಇಂಜೆಕ್ಷನ್ ಕೂಡ ಬೇಕಾಗುತ್ತೆ. ಮರಿ ಪರಚಿದ್ದು, ರಕ್ತ ಬಂದಿಲ್ಲ ಅಂತ ಬಿಡಬೇಡಿ. ಪರಚಿದರೂ ಲಸಿಕೆ ಬೇಕು.

ನೆಕ್ಕುವ ವಿಷಯದಲ್ಲೂ ನಮ್ಮ ಮನೆಯಲ್ಲಿ ಒಂದು ಗೆರೆ ಇದೆ. ಪಾದ ಮೂಸಬಹುದು. ಬಾಯಿ, ಕಣ್ಣು, ಮೂಗು, ಗಾಯದ ಹತ್ತಿರ ನಾಲಿಗೆ ಬರಬಾರದು. ಮೂರು ತಿಂಗಳಿಗೊಮ್ಮೆ ಕಾಳಿಗೆ ಜಂತುಹುಳುವಿನ ಮಾತ್ರೆ ಕೊಡುತ್ತೇವೆ. ಅಂಗಳದಲ್ಲಿ ಅವಳು ಮಾಡಿದ ಹೇಲನ್ನು ಅವತ್ತೇ ಎತ್ತಿ ಹೂಳುತ್ತೇವೆ. ಹುಳದ ಮೊಟ್ಟೆ ಮಣ್ಣಿಗೆ ಸೇರುತ್ತೆ, ಮಣ್ಣು ಮಕ್ಕಳ ಬಾಯಿಗೆ ಸೇರುತ್ತೆ.

ಮಲೆನಾಡಿನವರು ನಾಯಿಯ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದದ್ದು ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ. ನಮ್ಮ ಜಿಲ್ಲೆಯ ಕೊಪ್ಪ, ನರಸಿಂಹರಾಜಪುರದ ಕಡೆಯೂ ಕಾಣಿಸಿಕೊಂಡಿದೆ. ಹರಡುವುದು ಉಣ್ಣೆಯಿಂದ. ಡಿಸೆಂಬರ್‌ನಿಂದ ಮೇ ತನಕ ಕಾಳಿಯನ್ನು ಕಾಡಿನ ಅಂಚಿಗೆ ಬಿಡುವುದಿಲ್ಲ. ಸಂಜೆ ಅವಳ ಕಿವಿಯೊಳಗೆ, ಬೆರಳಿನ ಸಂದಿಯಲ್ಲಿ ಟಾರ್ಚು ಹಾಕಿ ನೋಡದೆ ಒಳಗೆ ಸೇರಿಸುವುದಿಲ್ಲ. ಇದು ಅಮ್ಮನ ಕೆಲಸ. ಕೋಲು ಹಿಡಿದು ಬಂದಿದ್ದ ಅದೇ ಅಮ್ಮ ಈಗ ಚಿಮುಟ ಹಿಡಿದು ಕೂರುತ್ತಾರೆ. ಉಣ್ಣೆಯನ್ನು ಕೈಯಲ್ಲಿ ಹಿಸುಕಬಾರದು ಅಂತ ಬಂದವರಿಗೆಲ್ಲ ಹೇಳುತ್ತಾರೆ.

"ಹೊರಗೆ ಕಟ್ಟಿಹಾಕಿ ಸಾಕು" ಅನ್ನುವವರಿಗೆ ಒಂದು ಮಾತು. ನಮ್ಮ ಊರಿನಲ್ಲಿ ರಾತ್ರಿ ಹೊರಗೆ ಕಟ್ಟಿದ ನಾಯಿ ಚಿರತೆಗೆ ಇಟ್ಟ ಊಟ. ಕತ್ತಲಾದ ಮೇಲೆ ಕಾಳಿ ಒಳಗೇ ಇರಬೇಕು. ಮಗಳು ಮಲಗುವ ಕೋಣೆಯ ಬಾಗಿಲು ಚಿಲಕ ಹಾಕಿರುತ್ತೆ, ಅಷ್ಟೇ.

ಈಗ ಮಗಳಿಗೆ ಹದಿನಾಲ್ಕು ತಿಂಗಳು. ಸಂಜೆ ಹೊತ್ತು ಅಕ್ಕಿರೊಟ್ಟಿಯ ಚೂರು ಹಿಡಿದು ದಬ್ಬೆ ಗೇಟಿನ ಈಚೆ ನಿಲ್ಲುತ್ತಾಳೆ. ಆಚೆ ಕಾಳಿ ಕೂತಿರುತ್ತಾಳೆ. ಮಗಳ ಹಿಂದೆ ನಾನು ಮಣೆ ಹಾಕಿಕೊಂಡು ಕೂರುತ್ತೇನೆ. ಮಗಳು "ಕಾಯೀ" ಅಂತ ಕೂಗಿ ಚೂರನ್ನು ಎಸೆಯುತ್ತಾಳೆ. ಅದು ಹೆಚ್ಚು ಸಲ ಗೇಟು ದಾಟುವುದಿಲ್ಲ, ಅವಳ ಕಾಲ ಬುಡದಲ್ಲೇ ಬೀಳುತ್ತೆ. ಕಾಳಿ ದಬ್ಬೆಯ ಸಂದಿಗೆ ಮೂಗು ಇಟ್ಟು ಕಾಯುತ್ತಾಳೆ. ನಾನು ಎದ್ದು ಹೋಗಿ ಆ ಚೂರನ್ನು ಎತ್ತಿ ಮತ್ತೆ ಮಗಳ ಕೈಗೆ ಕೊಡುತ್ತೇನೆ.